ನಾಯಿ ಸಾಕಬೇಕು: ದತ್ತು ತರೋದಾ, ಕೊಂಡು ತರೋದಾ?

ನಾಯಿ ಸಾಕೋಣ ಅಂತ ಮನೆಯವರೆಲ್ಲ ಒಪ್ಪಿದ ಮೇಲೆ ಮೊದಲು ಏಳುವ ಜಗಳ ಇದೇ. ಒಬ್ಬರು ಯಾವುದೋ ತಳಿಯ ಮರಿಯ ಫೋಟೋ ತೋರಿಸುತ್ತಾರೆ. ಇನ್ನೊಬ್ಬರು "ಮನೆಯಿಲ್ಲದ ನಾಯಿಗಳೇ ಅಷ್ಟೊಂದು ಇರುವಾಗ ದುಡ್ಡು ಕೊಟ್ಟು ಯಾಕೆ ತರಬೇಕು" ಅನ್ನುತ್ತಾರೆ. ಇಬ್ಬರ ಮಾತಲ್ಲೂ ನ್ಯಾಯ ಇದೆ. ಆದರೆ ಮಾತು ಬೆಳೀತಾ ಬೆಳೀತಾ ಒಬ್ಬರ ಆಸೆ, ಇನ್ನೊಬ್ಬರ ಕರುಣೆ ಇಷ್ಟೇ ಉಳಿಯುತ್ತದೆ. ಬರಲಿರುವ ನಾಯಿಯ ವಿಷಯ ಯಾರೂ ಎತ್ತುವುದಿಲ್ಲ.

ನಾನು ಇದನ್ನು ಬೇರೆ ಕಡೆಯಿಂದ ನೋಡುತ್ತೇನೆ. ಮನೆಗೆ ಬರುವ ಮೊದಲೇ ಆ ನಾಯಿಯ ಬಗ್ಗೆ ನಮಗೆ ಎಷ್ಟು ಗೊತ್ತಾಗಬಹುದು? ಹೇಳುವವರು ಯಾರು, ಅವರ ಮಾತನ್ನು ನಂಬಬಹುದಾ? ನಾಳೆ ಹೊಂದಾಣಿಕೆ ಆಗಲಿಲ್ಲ ಅಂದರೆ ಅವರು ಅದನ್ನು ವಾಪಸ್ ಕರೆದುಕೊಳ್ಳುತ್ತಾರಾ? ಒಳ್ಳೆಯ ಬ್ರೀಡರ್ (ತಳಿ ನಾಯಿಗಳ ಮರಿ ಹಾಕಿಸಿ ಮಾರುವವರು) ಹತ್ತಿರ ಮರಿಯ ತಂದೆ-ತಾಯಿಯ ಬಗ್ಗೆ ಗೊತ್ತಾಗುತ್ತದೆ. ಒಳ್ಳೆಯ ಶೆಲ್ಟರ್‌ನಲ್ಲಿ, ಅಂದರೆ ಮನೆಯಿಲ್ಲದ ನಾಯಿಗಳನ್ನು ಇಟ್ಟು ನೋಡಿಕೊಳ್ಳುವ ಕಡೆ, ದೊಡ್ಡದಾದ ನಾಯಿಯ ಬಗ್ಗೆ ನೇರವಾಗಿ ಗೊತ್ತಾಗುತ್ತದೆ. ಅಂಗಡಿಯ ಗಾಜಿನ ಹಿಂದೆ ಕೂತ ಮರಿಯ ಬಗ್ಗೆ, ಜಾಹೀರಾತಿನ ಫೋಟೋದಲ್ಲಿರುವ ಮರಿಯ ಬಗ್ಗೆ ಏನೂ ಗೊತ್ತಾಗುವುದಿಲ್ಲ. ಹಾಗಾಗಿ ನನ್ನ ಪ್ರಕಾರ ಆಯ್ಕೆ ಎರಡಲ್ಲ, ಮೂರು. ಆ ಮೂರನೆಯದನ್ನು ಪಟ್ಟಿಯಿಂದ ಈಗಲೇ ತೆಗೆದುಹಾಕಿ.

ಅವಧಿ ಎಷ್ಟು ಅಂತಲೂ ನೆನಪಿರಲಿ. ಬ್ರಿಟನ್‌ನಲ್ಲಿ 5,80,000ಕ್ಕೂ ಹೆಚ್ಚು ನಾಯಿಗಳ ದಾಖಲೆ ನೋಡಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅವುಗಳ ಮಧ್ಯಮ ಆಯಸ್ಸು (ಅರ್ಧದಷ್ಟು ನಾಯಿಗಳು ಇದಕ್ಕಿಂತ ಹೆಚ್ಚು, ಇನ್ನರ್ಧ ಕಡಿಮೆ ಬದುಕುವ ಲೆಕ್ಕ) 12.5 ವರ್ಷ ಅಂತ ಬಂತು. ಈಗ ಮೊದಲನೇ ಕ್ಲಾಸಿಗೆ ಹೋಗುವ ಮಗು ಕಾಲೇಜು ಸೇರುವವರೆಗೂ ಈ ನಾಯಿ ನಿಮ್ಮ ಜೊತೆಗೇ ಇರುತ್ತದೆ.

ಮರಿಯೋ, ಬೆಳೆದ ನಾಯಿಯೋ

ದತ್ತು-ಖರೀದಿಗಿಂತ ಮೊದಲು ತೀರ್ಮಾನ ಆಗಬೇಕಾದದ್ದು ಇದು. ಹೆಚ್ಚಿನವರು ಯೋಚನೆಯೇ ಮಾಡದೆ ಮರಿ ಅಂದುಕೊಂಡಿರುತ್ತಾರೆ. "ಮರಿಯಿಂದ ಸಾಕಿದರೆ ನಾವು ತಿದ್ದಿದ ಹಾಗೆ ಬೆಳೆಯುತ್ತದೆ" ಅನ್ನುವ ನಂಬಿಕೆ ಅದಕ್ಕೆ ಕಾರಣ. ಅದು ಅರ್ಧ ಮಾತ್ರ ನಿಜ.

ಮರಿಗೆ 3 ವಾರ ತುಂಬಿದಾಗಿನಿಂದ ಸುಮಾರು 12-14 ವಾರದವರೆಗೆ ಒಂದು ವಿಶೇಷ ಕಾಲ. ಆಗ ಕಂಡ ಮನುಷ್ಯರು, ಕೇಳಿದ ಸದ್ದು, ತುಳಿದ ನೆಲ ಎಲ್ಲವನ್ನೂ ಮರಿ "ಇದು ಮಾಮೂಲಿ" ಅಂತ ಒಪ್ಪಿಕೊಳ್ಳುತ್ತದೆ. ಆಗ ಕಾಣದ್ದು ಆಮೇಲೆ ಭಯ ಹುಟ್ಟಿಸಬಹುದು. ಅಮೆರಿಕದ ಜಾಕ್ಸನ್ ಲ್ಯಾಬೊರೇಟರಿಯಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ವರ್ಷಗಟ್ಟಲೆ ಮರಿಗಳನ್ನು ಗಮನಿಸಿ 1965ರಲ್ಲಿ ಇದನ್ನು ವಿವರವಾಗಿ ದಾಖಲಿಸಿದರು. ಈಗ ಲೆಕ್ಕ ಹಾಕಿ. ಮರಿಯನ್ನು ತಾಯಿಯಿಂದ ಬೇರೆ ಮಾಡಬಾರದ ಕಾಲ ಕನಿಷ್ಠ 8 ವಾರ. ಅಂದರೆ ಆ ಕಾಲದ ಅರ್ಧದಷ್ಟು, ಮರಿ ನಿಮ್ಮ ಮನೆಗೆ ಬರುವ ಮೊದಲೇ ಕಳೆದುಹೋಗಿರುತ್ತದೆ. ಆ ವಾರಗಳನ್ನು ಅದು ಜನರ ಓಡಾಟ ಇರುವ ಮನೆಯಲ್ಲಿ ಕಳೆಯಿತಾ, ಶೆಡ್ಡಿನ ಕತ್ತಲೆಯ ಗೂಡಿನಲ್ಲಾ? ನೀವು ಎಷ್ಟೇ ಪ್ರೀತಿಯಿಂದ ಸಾಕಿದರೂ ಆ ಉತ್ತರ ಬದಲಾಗುವುದಿಲ್ಲ.

ಮರಿ ಸಾಕುವ ಕೆಲಸವೂ ಸುಮ್ನೆ ಅಲ್ಲ. ಎರಡು ತಿಂಗಳ ಮರಿ ಎರಡು-ಮೂರು ಗಂಟೆಗಿಂತ ಜಾಸ್ತಿ ಹೊತ್ತು ಉಚ್ಚೆ ತಡೆದುಕೊಳ್ಳಲಾರದು. ರಾತ್ರಿಯೂ ಎದ್ದು ಹೊರಗೆ ಒಯ್ಯಬೇಕು. ನಾಲ್ಕು ತಿಂಗಳಿಗೆ ಹಾಲುಹಲ್ಲು ಬೀಳಲು ಶುರುವಾಗುತ್ತದೆ. ಆಗ ಒಸಡು ಕೆರೆದು ಚಪ್ಪಲಿ, ಕುರ್ಚಿಯ ಕಾಲು, ಚಾರ್ಜರ್ ವೈರು, ಸಿಕ್ಕಿದ್ದೆಲ್ಲ ಕಚ್ಚುತ್ತದೆ. ಅದು ಮುಗೀತು ಅನ್ನುವಷ್ಟರಲ್ಲಿ ಹರೆಯ ಬರುತ್ತದೆ. ಐದು ತಿಂಗಳಲ್ಲಿ ಕೂರು ಅಂದರೆ ಕೂರುತ್ತಿದ್ದ ಮರಿ ಎಂಟನೇ ತಿಂಗಳಲ್ಲಿ ಕೇಳಿಸಲೇ ಇಲ್ಲ ಅನ್ನುವ ಹಾಗೆ ನಿಲ್ಲುತ್ತದೆ. ಇದು ನಿಮ್ಮ ತಪ್ಪಲ್ಲ, ಮರಿಯ ಹಟವೂ ಅಲ್ಲ. ಬ್ರಿಟನ್ನಿನ ಸಂಶೋಧಕರು 2020ರಲ್ಲಿ ಇದನ್ನು ಪರೀಕ್ಷೆ ಮಾಡಿ ತೋರಿಸಿದರು. ಸಾಕಿದವರ ಮಾತನ್ನೇ ಕೇಳದ ಮರಿ ಅಪರಿಚಿತರ ಮಾತು ಕೇಳುತ್ತಿತ್ತು! ಎಷ್ಟೋ ನಾಯಿಗಳು ಮನೆ ಕಳೆದುಕೊಳ್ಳುವುದು ಈ ವಯಸ್ಸಲ್ಲೇ. ಮುದ್ದು ಹೋಗಿರುತ್ತದೆ, ಬುದ್ಧಿ ಇನ್ನೂ ಬಂದಿರುವುದಿಲ್ಲ.

ಎರಡು-ಮೂರು ವರ್ಷದ ನಾಯಿಯಲ್ಲಿ ಇದೆಲ್ಲ ಮುಗಿದಿರುತ್ತದೆ. ಎಷ್ಟು ಎತ್ತರ, ಎಷ್ಟು ಕೂದಲು ಉದುರುತ್ತದೆ, ಎಷ್ಟು ಓಡಬೇಕು, ಮಕ್ಕಳನ್ನು ಕಂಡರೆ ಹೇಗೆ, ಬೆಕ್ಕು ಕಂಡರೆ ಹೇಗೆ ಎಲ್ಲವೂ ಎದುರಿಗೇ ಇರುತ್ತದೆ. ಊಹೆ ಬೇಕಾಗಿಲ್ಲ. ಮೊದಲ ಸಲ ನಾಯಿ ಸಾಕುವವರಿಗೆ, ಬೆಳಿಗ್ಗೆ ಹೊರಟು ಸಂಜೆ ಬರುವವರಿಗೆ, ವಯಸ್ಸಾದವರಿಗೆ ಇದು ದೊಡ್ಡ ಅನುಕೂಲ.

"ಬೆಳೆದ ನಾಯಿ ನಮಗೆ ಒಗ್ಗುತ್ತಾ?" ಅಂತ ಎಲ್ಲರೂ ಕೇಳುತ್ತಾರೆ. ಒಗ್ಗುತ್ತದೆ. ಹಂಗೇರಿಯ ಸಂಶೋಧಕರು ಶೆಲ್ಟರ್‌ನಲ್ಲಿದ್ದ ಬೆಳೆದ ನಾಯಿಗಳ ಜೊತೆ ಒಬ್ಬ ಅಪರಿಚಿತರನ್ನು ಬಿಟ್ಟು ನೋಡಿದರು. ಹತ್ತು-ಹತ್ತು ನಿಮಿಷದ ಮೂರೇ ಭೇಟಿ. ಅಷ್ಟಕ್ಕೇ ಆ ನಾಯಿಗಳು ಅವರನ್ನು ತಮ್ಮವರು ಅನ್ನುವ ಹಾಗೆ ಹುಡುಕಿಕೊಂಡು ಹೋಗಲು ಶುರು ಮಾಡಿದವು. ಇದು ಪ್ರಕಟವಾದದ್ದು 2001ರಲ್ಲಿ. ನಾಯಿಯ ಪ್ರೀತಿಗೆ ಮರಿಯಾಗಿದ್ದಾಗಲೇ ತರಬೇಕು ಅನ್ನುವ ಷರತ್ತು ಇಲ್ಲ.

ತಳಿ ನೋಡಿ ತಂದರೆ ಏನು ಸಿಗುತ್ತದೆ

ಕೊಂಡು ತರುವವರ ಮುಖ್ಯ ವಾದ ಇದು: ತಳಿ ಗೊತ್ತಿದ್ದರೆ ಸ್ವಭಾವ ಗೊತ್ತಾಗುತ್ತದೆ. ಸ್ವಲ್ಪ ಮಟ್ಟಿಗೆ ನಿಜ. ಕುರಿ ಕಾಯಲು ಬೆಳೆಸಿದ ತಳಿ ಓಡುವ ಮಕ್ಕಳನ್ನೂ ಒಟ್ಟುಗೂಡಿಸಲು ನೋಡಬಹುದು. ವಾಸನೆ ಹಿಡಿದು ಹೋಗುವ ತಳಿ ಮೂಗು ನೆಲಕ್ಕೆ ಹಚ್ಚಿದರೆ ಕರೆದರೂ ಬಾರದು. ಆದರೆ ಜನ ಅಂದುಕೊಂಡಷ್ಟು ಭರವಸೆ ತಳಿಯಲ್ಲಿಲ್ಲ. 18,000ಕ್ಕೂ ಹೆಚ್ಚು ನಾಯಿಗಳ ಬಗ್ಗೆ ಅವುಗಳ ಮನೆಯವರಿಂದ ಮಾಹಿತಿ ಪಡೆದು, ಎರಡು ಸಾವಿರಕ್ಕೂ ಹೆಚ್ಚು ನಾಯಿಗಳ ಡಿಎನ್‌ಎ ಓದಿ ಮಾಡಿದ ಅಧ್ಯಯನ 2022ರಲ್ಲಿ ಬಂತು. ನಾಯಿ-ನಾಯಿಗೂ ಇರುವ ನಡವಳಿಕೆಯ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಲು ಆಗುವುದು ಸುಮಾರು 9 ಶೇಕಡ ಮಾತ್ರ ಅಂತ ಅದು ಹೇಳಿತು. ಲ್ಯಾಬ್ರಡಾರ್ ಅಂದ ಮಾತ್ರಕ್ಕೆ ಎಲ್ಲರ ಜೊತೆ ಸ್ನೇಹ ಅಂತ ಲೆಕ್ಕ ಹಾಕಬೇಡಿ. ಅದರ ತಾಯಿ ಹೇಗಿದೆ ಅಂತ ನೋಡಿ.

ತಳಿ ಖಚಿತವಾಗಿ ಹೇಳುವುದು ಮೈಕಟ್ಟಿನ ಬಗ್ಗೆ: ಗಾತ್ರ, ಕೂದಲು, ಮುಖದ ಆಕಾರ. ಜೊತೆಗೆ, ಯಾವ ಕಾಯಿಲೆಗೆ ಹೆದರಬೇಕು ಅನ್ನುವುದನ್ನೂ ಹೇಳುತ್ತದೆ. ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್‌ಗಳಲ್ಲಿ ಸೊಂಟದ ಕೀಲು ಸರಿಯಾಗಿ ಕೂರದ ಹಿಪ್ ಡಿಸ್‌ಪ್ಲೇಸಿಯಾ. ಡಾಬರ್‌ಮನ್‌ನಲ್ಲಿ ಹೃದಯದ ಸ್ನಾಯು ಸೊರಗುವುದು. ಡ್ಯಾಶ್‌ಹಂಡ್‌ನಲ್ಲಿ ಬೆನ್ನುಮೂಳೆಯ ಡಿಸ್ಕ್ ಜಾರುವುದು. ಕ್ಯಾವಲಿಯರ್ ಕಿಂಗ್ ಚಾರ್ಲ್ಸ್ ಸ್ಪ್ಯಾನಿಯಲ್‌ನಲ್ಲಿ ಹೃದಯದ ಕವಾಟದ ತೊಂದರೆ. ಡಾಲ್ಮೇಶಿಯನ್‌ನಲ್ಲಿ ಕಿವುಡು. ಇವುಗಳಲ್ಲಿ ಹೆಚ್ಚಿನವಕ್ಕೆ ಪರೀಕ್ಷೆ ಇದೆ. ತಂದೆ-ತಾಯಿಯ ಸೊಂಟದ ಎಕ್ಸ್-ರೇ ತೆಗೆಸಿ ಅಂಕ ಪಡೆದಿದ್ದಾರಾ, ಹೃದಯ ಪರೀಕ್ಷೆ ಆಗಿದೆಯಾ ಅಂತ ಕೇಳುವುದು ಕೊಳ್ಳುವವರ ಹಕ್ಕು. ತಳಿಯ ನಾಯಿಗೆ ದುಡ್ಡು ಕೊಡುವುದರ ಅರ್ಥ ಇರುವುದೇ ಈ ಪರೀಕ್ಷೆಗಳಲ್ಲಿ. ಅವಿಲ್ಲದೆ ತಂದರೆ ನೀವು ಕೊಟ್ಟದ್ದು ಬರೀ ರೂಪದ ಬೆಲೆ.

ಇಲ್ಲಿ ತುಂಬಾ ಜನ ಮೋಸ ಹೋಗುವುದು ಸರ್ಟಿಫಿಕೇಟ್ ನೋಡಿ. "ಪೇಪರ್ ಇದೆ" ಅಂತ ಮಾರುವವರು ಹೇಳುತ್ತಾರೆ. ತಳಿ ನಾಯಿಗಳನ್ನು ನೋಂದಾಯಿಸುವ ಕೆನಲ್ ಕ್ಲಬ್ಬಿನ ಆ ಪೇಪರ್ ಮರಿಯ ವಂಶ ಯಾವುದು ಅಂತ ಹೇಳುತ್ತದೆ, ಅಷ್ಟೇ. ಮರಿಗೆ ಆರೋಗ್ಯ ಇದೆ ಅಂತ ಹೇಳುವುದಿಲ್ಲ. ಕೆಲವೊಮ್ಮೆ ಆ ವಂಶವೇ ತೊಂದರೆ. ಬ್ರಿಟನ್ನಿನಲ್ಲಿ ಕೆನಲ್ ಕ್ಲಬ್ ಶುರುವಾದದ್ದು 1873ರಲ್ಲಿ. ಆಮೇಲೆ ಒಂದೊಂದು ತಳಿಗೂ ಒಂದೊಂದು ದಾಖಲೆ ಪುಸ್ತಕ ಆಯಿತು. ಹೊರಗಿನ ರಕ್ತಕ್ಕೆ ಬಾಗಿಲು ಮುಚ್ಚಿತು. ತಲೆಮಾರುಗಳಿಂದ ನೆಂಟರು-ನೆಂಟರಲ್ಲೇ ಸಂತಾನ ಮಾಡಿಸಿದ್ದಾರೆ. ಅಣ್ಣ-ತಂಗಿಗೆ, ತಂದೆ-ಮಗಳಿಗೆ ಹುಟ್ಟಿಸಿದ ಮರಿಗಳನ್ನು ನೋಂದಾಯಿಸುವುದಿಲ್ಲ ಅಂತ ಅದೇ ಕ್ಲಬ್ ನಿಯಮ ಮಾಡಿದ್ದು 2009ರಲ್ಲಿ!

ಚಪ್ಪಟೆ ಮುಖದ ತಳಿಗಳ ಬಗ್ಗೆ ನನಗೆ ನಿಷ್ಠುರವಾದ ಅಭಿಪ್ರಾಯವೇ ಇದೆ. ಪಗ್, ಫ್ರೆಂಚ್ ಬುಲ್‌ಡಾಗ್, ಇಂಗ್ಲಿಷ್ ಬುಲ್‌ಡಾಗ್ ಇವುಗಳ ಮೂಗಿನ ಹೊಳ್ಳೆ ಹತ್ತಿರದಿಂದ ನೋಡಿ. ಬೇರೆ ನಾಯಿಗಳಲ್ಲಿ ಅಲ್ಪವಿರಾಮದ ಹಾಗೆ ತೆರೆದಿರುವ ತೂತು ಇವುಗಳಲ್ಲಿ ಎಷ್ಟೋ ಸಲ ಬರೀ ಗೀರು. ಒಳಗೆ ಅಂಗುಳಿನ ಮೆತ್ತನೆಯ ಭಾಗ ಗಂಟಲಿಗೆ ಅಡ್ಡ ಬರುವಷ್ಟು ಉದ್ದ ಇರುತ್ತದೆ. ನಾವು ಮುದ್ದು ಅಂದುಕೊಳ್ಳುವ ಆ ಗೊರಕೆ ಉಸಿರಿಗೆ ಒದ್ದಾಡುವ ಸದ್ದು. ನಾಯಿ ಮೈ ತಂಪು ಮಾಡಿಕೊಳ್ಳುವುದೇ ಏದುಸಿರು ಬಿಟ್ಟು. ಉಸಿರೇ ಸರಾಗವಿಲ್ಲದ ನಾಯಿಗೆ ಸೆಕೆ ಪ್ರಾಣಕ್ಕೇ ಕುತ್ತು. ಮೊದಲು ಹೇಳಿದ 2024ರ ಅಧ್ಯಯನದಲ್ಲಿ ಮಧ್ಯಮ ಗಾತ್ರದ ಚಪ್ಪಟೆ ಮುಖದ ಗಂಡು ನಾಯಿಗಳ ಆಯಸ್ಸು 9.1 ವರ್ಷ. ಚಿಕ್ಕ ಗಾತ್ರದ ಉದ್ದ ಮೂತಿಯ ಹೆಣ್ಣುಗಳದ್ದು 13.3. ಆ ಮುಖವೇ ಬೇಕು ಅಂತ ಮನಸ್ಸಿದ್ದರೆ, ಯಾರೋ ಬಿಟ್ಟುಹೋದ ಅಂಥ ನಾಯಿಯನ್ನು ದತ್ತು ತನ್ನಿ. ಚಿಕಿತ್ಸೆಗೆ ದುಡ್ಡು ಎತ್ತಿಟ್ಟುಕೊಳ್ಳಿ. ಹೊಸ ಮರಿ ಕೊಂಡರೆ ಇನ್ನೊಂದು ಸೂಲಿಗೆ ನೀವೇ ಆರ್ಡರ್ ಕೊಟ್ಟ ಹಾಗೆ.

ದತ್ತಿನ ಪರ ಮಾತಾಡುವವರೂ ಒಂದು ತಪ್ಪು ಮಾತು ಹೇಳುತ್ತಾರೆ: "ಮಿಶ್ರ ತಳಿಗೆ ರೋಗವೇ ಬರಲ್ಲ." ಹಾಗೇನಿಲ್ಲ. ಅದೇ ಬ್ರಿಟನ್ ಅಧ್ಯಯನದಲ್ಲಿ ತಳಿ ನಾಯಿಗಳ ಮಧ್ಯಮ ಆಯಸ್ಸು 12.7, ಮಿಶ್ರ ನಾಯಿಗಳದ್ದು 12.0. ತಂದೆ-ತಾಯಿ ಇಬ್ಬರಲ್ಲೂ ಇರುವ ದೋಷ ಮಿಶ್ರ ಮರಿಗೂ ಬರುತ್ತದೆ. ಈಗ ಬೇಕೆಂದೇ ಎರಡು ತಳಿ ಬೆರೆಸಿ ದುಬಾರಿಗೆ ಮಾರುವ ಡಿಸೈನರ್ ನಾಯಿಗಳಿಗೂ ಇದೇ ಮಾತು. ಲ್ಯಾಬ್ರಡಾರ್ ಮತ್ತು ಪೂಡಲ್ ಬೆರೆಸಿದ ಲ್ಯಾಬ್ರಡೂಡಲ್ ಅನ್ನು ಜನಪ್ರಿಯ ಮಾಡಿದ್ದು ಆಸ್ಟ್ರೇಲಿಯಾದ ವಾಲಿ ಕಾನ್ರನ್. 1989ರಲ್ಲಿ, ದೃಷ್ಟಿ ಇಲ್ಲದ ಒಬ್ಬ ಮಹಿಳೆಗೆ ಮಾರ್ಗದರ್ಶಿ ನಾಯಿ ಬೇಕಿತ್ತು. ಅವರ ಗಂಡನಿಗೆ ನಾಯಿಕೂದಲಿನ ಅಲರ್ಜಿ. ಅದಕ್ಕಾಗಿ ಮಾಡಿದ ಪ್ರಯತ್ನ ಅದು. ಆಮೇಲೆ ಕಂಡಕಂಡವರೆಲ್ಲ ಆರೋಗ್ಯ ನೋಡದೆ ಬೆರೆಸಿ ಮಾರಲು ಶುರು ಮಾಡಿದಾಗ ಕಾನ್ರನ್ ಅವರೇ ಇದನ್ನು ಯಾಕಾದರೂ ಶುರು ಮಾಡಿದೆನೋ ಅಂತ ನೊಂದುಕೊಂಡರು. ಅಲರ್ಜಿಯ ಮಾತು ಬಂದಿದ್ದಕ್ಕೆ ಹೇಳುತ್ತೇನೆ: ಅಲರ್ಜಿ ತರದ ತಳಿ ಅಂತ ಒಂದಿಲ್ಲ. ಅಲರ್ಜಿ ತರುವ ಪ್ರೋಟೀನ್ ನಾಯಿಯ ಜೊಲ್ಲಿನಲ್ಲಿ, ಚರ್ಮದ ಹೊಟ್ಟಿನಲ್ಲಿ ಇರುತ್ತದೆ. ಮನೆಯಲ್ಲಿ ಯಾರಿಗಾದರೂ ಅಲರ್ಜಿ ಇದ್ದರೆ, ತರಬೇಕೆಂದಿರುವ ಅದೇ ನಾಯಿಯ ಜೊತೆ ಗಂಟೆಗಟ್ಟಲೆ, ಒಂದೆರಡು ಸಲ ಕೂತು ನೋಡಿ.

ಕೊಳ್ಳುವುದೇ ಆದರೆ

ತಾಯಿಯನ್ನು ನೋಡದೆ ಮರಿ ತರಬೇಡಿ. ಉಳಿದದ್ದೆಲ್ಲ ಮರೆತರೂ ಇದೊಂದನ್ನು ಮರೆಯಬೇಡಿ.

ಇಂಗ್ಲೆಂಡ್‌ನಲ್ಲಿ ಈ ಮಾತಿಗಾಗಿಯೇ ಒಂದು ಕಾನೂನು ಬಂದಿದೆ. ಅದಕ್ಕೆ ಜನ ಇಟ್ಟ ಹೆಸರು ಲೂಸಿ ಕಾನೂನು. ಲೂಸಿ ಒಂದು ಹೆಣ್ಣು ಕ್ಯಾವಲಿಯರ್ ನಾಯಿ. ವೇಲ್ಸ್‌ನ ಒಂದು ಮರಿ ಫಾರ್ಮಿನಲ್ಲಿ ಇಕ್ಕಟ್ಟಾದ ಗೂಡಿನಲ್ಲಿಟ್ಟು ಅದರಿಂದ ಸೂಲಿನ ಮೇಲೆ ಸೂಲು ಹಾಕಿಸಿದ್ದರು. 2013ರಲ್ಲಿ ಅದನ್ನು ಬಿಡಿಸಿ ತಂದಾಗ ಮೈಯೆಲ್ಲ ಹಾಳಾಗಿತ್ತು. ಅದರ ಮರಿಗಳು ಮಾತ್ರ ಎಲ್ಲೋ ದೂರದ ಅಂಗಡಿಗಳಲ್ಲಿ ತೊಳೆದು ಬಾಚಿಸಿಕೊಂಡು ಕೂತಿರುತ್ತಿದ್ದವು. ಕೊಂಡವರಿಗೆ ಲೂಸಿ ಇದ್ದದ್ದೇ ಗೊತ್ತಿರಲಿಲ್ಲ. 2020ರ ಏಪ್ರಿಲ್ 6ರಿಂದ ಅಲ್ಲಿ ಆರು ತಿಂಗಳಿಗಿಂತ ಚಿಕ್ಕ ನಾಯಿಮರಿ, ಬೆಕ್ಕಿನ ಮರಿಗಳನ್ನು ಮಧ್ಯವರ್ತಿಗಳು ಮಾರುವಂತಿಲ್ಲ. ಫ್ರಾನ್ಸ್‌ನಲ್ಲಿ 2024ರ ಜನವರಿ 1ರಿಂದ ಅಂಗಡಿಯಲ್ಲಿ ನಾಯಿ-ಬೆಕ್ಕು ಮಾರುವುದೇ ನಿಂತಿದೆ. ನಾಯಿ ತರುವವರು ಜವಾಬ್ದಾರಿಯ ಪತ್ರಕ್ಕೆ ಸಹಿ ಹಾಕಿ 7 ದಿನ ಕಾಯಬೇಕು. ಕಾಯಿಸುವ ಈ ನಿಯಮ ನನಗೆ ತುಂಬಾ ಹಿಡಿಸಿತು. ಎಷ್ಟೋ ಆತುರದ ಖರೀದಿ ಈ ಏಳು ದಿನದಲ್ಲೇ ತಣ್ಣಗಾಗುತ್ತದೆ.

ಬ್ರೀಡರ್ ಮನೆಗೆ ಹೋದಾಗ ಕಣ್ಣು ಮೊದಲು ತಾಯಿಯ ಮೇಲಿರಲಿ. ಹಾಲು ಕೊಡುತ್ತಿರುವ, ಅಥವಾ ಈಚೆಗೆ ಬಿಡಿಸಿದ ತಾಯಿಯ ಮೊಲೆಗಳು ಜೋತಿರುತ್ತವೆ. ಹೊಟ್ಟೆ ಒಣಗಿ ಬಿಗಿಯಾಗಿದ್ದರೆ ಅದು ತೋರಿಸಲು ತಂದಿಟ್ಟ ಬೇರೆ ನಾಯಿ ಇರಬಹುದು. ಮರಿಗಳು ಅದರ ಹತ್ತಿರ ಓಡುತ್ತವಾ? ಅದು ನಿಮ್ಮನ್ನು ಕಂಡು ಬಾಲ ಆಡಿಸುತ್ತಾ ಬರುತ್ತದಾ, ಮೂಲೆ ಸೇರುತ್ತದಾ? ಹೆದರುವ ತಾಯಿಯ ಮರಿಯೂ ಹೆದರುಪುಕ್ಕಲು ಆಗುವ ಸಂಭವ ಜಾಸ್ತಿ. "ತಾಯಿ ಊರಿಗೆ ಹೋಗಿದೆ", "ಫಾರ್ಮಿನಲ್ಲಿದೆ, ವೀಡಿಯೋ ಕಳಿಸ್ತೀನಿ" ಅಂದರೆ ಅಲ್ಲಿಂದ ಎದ್ದು ಬನ್ನಿ.

ಆಮೇಲೆ ಮರಿಯ ಬಾಯಿ ನೋಡಿ. ಮರಿಗೆ ಒಟ್ಟು 28 ಹಾಲುಹಲ್ಲು. ಎಂಟು ವಾರಕ್ಕೆ ಅವು ಹೆಚ್ಚುಕಡಿಮೆ ಎಲ್ಲ ಬಂದಿರುತ್ತವೆ, ಸೂಜಿಯ ಹಾಗೆ ಚುಚ್ಚುತ್ತವೆ. ಎಂಟು ವಾರ ಅಂತ ಹೇಳಿ ಮುಂದಿನ ಹಲ್ಲು ಈಗ ತಾನೇ ಮೊಳೆಯುತ್ತಿದ್ದರೆ, ಪಕ್ಕದ ಹಲ್ಲುಗಳೇ ಇಲ್ಲದಿದ್ದರೆ ವಯಸ್ಸು ಸುಳ್ಳು. ತಾಯಿಯಿಂದ ಬೇಗ ಬಿಡಿಸಿದ ಮರಿ ಕಚ್ಚುವ ಬಲಕ್ಕೆ ಮಿತಿ ಕಲಿತಿರುವುದಿಲ್ಲ. ಒಡಹುಟ್ಟಿದವರ ಜೊತೆ ಆಡುತ್ತಾ, ಕಚ್ಚಿಸಿಕೊಂಡು ಕೀರಲಿಟ್ಟು ಕಲಿಯುವ ಪಾಠ ಅದು. ಹೊಟ್ಟೆ ಮಾತ್ರ ಊದಿ ಪಕ್ಕೆಲುಬು ಕಾಣುತ್ತಿದ್ದರೆ ಜಂತುಹುಳು. ಬಾಲದ ಕೆಳಗೆ ಒದ್ದೆ ಮೆತ್ತಿಕೊಂಡಿದ್ದರೆ ಭೇದಿ. ಮರಿಯನ್ನು ಎತ್ತಿ ಮೂಸಿ ನೋಡುವುದಕ್ಕೆ ನಾಚಿಕೆ ಬೇಡ.

ಒಳ್ಳೆಯ ಬ್ರೀಡರ್ ಯಾರು ಅಂತ ಗುರುತಿಸುವುದು ಅಷ್ಟೇನೂ ಕಷ್ಟವಲ್ಲ. ಅವರು ನಿಮ್ಮನ್ನೇ ಪ್ರಶ್ನೆ ಮಾಡುತ್ತಾರೆ. ದಿನವೆಲ್ಲ ಮನೆಯಲ್ಲಿ ಯಾರಿರುತ್ತಾರೆ, ಹಿಂದೆ ಸಾಕಿದ ನಾಯಿಗೆ ಏನಾಯಿತು ಅಂತ ಕೇಳುತ್ತಾರೆ. ಒಂದೋ ಎರಡೋ ತಳಿ ಇಟ್ಟುಕೊಂಡಿರುತ್ತಾರೆ, ವರ್ಷವಿಡೀ ಮರಿ ಇರುವುದಿಲ್ಲ, ನಿಮ್ಮನ್ನು ತಿಂಗಳುಗಟ್ಟಲೆ ಕಾಯಿಸುತ್ತಾರೆ. ಯಾವ ವಯಸ್ಸಿನಲ್ಲಿ ಬೇಡವಾದರೂ ನಮಗೇ ವಾಪಸ್ ಕೊಡಬೇಕು ಅಂತ ಬರೆಸಿಕೊಳ್ಳುತ್ತಾರೆ. ನಾನು ಈ ಕೊನೆಯ ಒಂದಕ್ಕೆ ಎಲ್ಲದಕ್ಕಿಂತ ಹೆಚ್ಚು ಬೆಲೆ ಕೊಡುತ್ತೇನೆ. ತಾನು ಹುಟ್ಟಿಸಿದ ಜೀವದ ಹೊಣೆ ಕೊನೆಯವರೆಗೂ ಹೊರುವವರು ಪರೀಕ್ಷೆ ಮಾಡಿಸದೆ ಮರಿ ಹಾಕಿಸುವುದಿಲ್ಲ.

"ಟೀಕಪ್", "ಅಪರೂಪದ ಬಣ್ಣ" ಅಂತ ಮಾರುವವರಿಂದ ದೂರ ಇರಿ. ಟೀಕಪ್ ಅಂದರೆ ತೀರಾ ಕುಳ್ಳಾಗಿ ಹುಟ್ಟಿದ ದುರ್ಬಲ ನಾಯಿಗಳನ್ನೇ ಬೆರೆಸಿ ಪಡೆದ ಮರಿ. ಮಚ್ಚೆ-ಮಚ್ಚೆಯ ಮರ್ಲ್ ಬಣ್ಣದ ಎರಡು ನಾಯಿಗಳನ್ನು ಕೂಡಿಸಿದರೆ ಸರಾಸರಿ ನಾಲ್ಕರಲ್ಲಿ ಒಂದು ಮರಿಗೆ ಆ ಜೀನ್ ಎರಡೂ ಕಡೆಯಿಂದ ಬರುತ್ತದೆ. ಅಂಥ ಮರಿ ಕಿವುಡಾಗಿ, ಕುರುಡಾಗಿ ಹುಟ್ಟುವ ಅಪಾಯ ತುಂಬಾ ಜಾಸ್ತಿ. ಇನ್ನು ಆನ್‌ಲೈನ್‌ನಲ್ಲಿ ಮುಂಗಡ ಕೇಳುವವರಿಗೆ ಮರಿ ನೋಡುವ ಮೊದಲು ಒಂದು ಪೈಸೆಯನ್ನೂ ಕಳಿಸಬೇಡಿ.

ದತ್ತು ತರುವುದಾದರೆ

ಶೆಲ್ಟರ್ ಅನ್ನುವುದು ಹೊಸ ಯೋಚನೆಯಲ್ಲ. ಲಂಡನ್ನಿನ ಬ್ಯಾಟರ್‌ಸೀ ಸಂಸ್ಥೆಯನ್ನು ಮೇರಿ ಟೀಲ್ಬಿ ಶುರು ಮಾಡಿದ್ದು 1860ರಲ್ಲಿ. ಆದರೂ ಇವತ್ತಿಗೂ "ಅಲ್ಲಿರುವುದು ಏನೋ ದೋಷ ಇರುವ ನಾಯಿಗಳು" ಅಂತ ಜನ ಅಂದುಕೊಂಡಿದ್ದಾರೆ. ನಾಯಿ ಅಲ್ಲಿಗೆ ಬರಲು ಕಾರಣ ಹೆಚ್ಚಿನ ಸಲ ಮನುಷ್ಯರ ಬದುಕಿನಲ್ಲಿರುತ್ತದೆ. ಮನೆ ಬದಲಾಯಿತು, ಕೆಲಸ ಹೋಯಿತು, ಮಗು ಹುಟ್ಟಿತು, ಸಾಕಿದವರು ತೀರಿಕೊಂಡರು, ಮರಿ ದೊಡ್ಡದಾಯಿತು.

ಅಲ್ಲಿ ನಾಯಿ ನೋಡುವ ರೀತಿ ಗೊತ್ತಿರಬೇಕು. ಗೂಡಿನ ಮುಂದೆ ನಿಂತು ತೀರ್ಮಾನ ಮಾಡಬೇಡಿ. ನಾನು ಒಂದು ಶೆಲ್ಟರ್‌ಗೆ ನಾಯಿಗಳನ್ನು ಓಡಾಡಿಸಲು ಹೋಗುತ್ತಿದ್ದಾಗ ಅಲ್ಲಿ ಒಂದು ಕಂದು ಬಣ್ಣದ ನಾಯಿ ಇತ್ತು. ಯಾರು ಬಂದರೂ ಸರಳಿಗೆ ಎಗರಿ ಬೊಗಳುತ್ತಿತ್ತು. ನೋಡಲು ಬಂದವರು ಹಾಗೇ ಮುಂದಕ್ಕೆ ಹೋಗಿಬಿಡುತ್ತಿದ್ದರು. ಒಂದು ಸಲ ಒಂದು ಕುಟುಂಬ ಇದನ್ನೇ ಹೊರಗೆ ಕರೆತನ್ನಿ ಅಂದರು. ಅಂಗಳಕ್ಕೆ ಬಂದ ನಾಯಿ ಮೊದಲು ಅವರ ಕಡೆ ತಿರುಗಿಯೂ ನೋಡಲಿಲ್ಲ. ಬೇಲಿಯ ಬುಡ, ಹುಲ್ಲು, ನಲ್ಲಿಯ ಹತ್ತಿರದ ಕೆಸರು ಎಲ್ಲ ಮೂಸಿತು. ಹಗ್ಗ ಸಡಿಲ ಆಗುತ್ತಾ ಬಂತು. ಬಾಯಿ ಸ್ವಲ್ಪ ತೆರೆದು ಕಿವಿ ಕೆಳಗಿಳಿಯಿತು. ಆಮೇಲೆ ಬಂದು ಕೂತಿದ್ದ ಹುಡುಗಿಯ ಮೊಣಕಾಲಿಗೆ ಮೈ ಒರಗಿಸಿ ನಿಂತಿತು. ಗೂಡಿನಲ್ಲಿದ್ದ ನಾಯಿಯೂ ಇದೂ ಒಂದೇನಾ ಅನ್ನಿಸುವ ಹಾಗಿತ್ತು. ಅವರು ಅದನ್ನೇ ಕರೆದುಕೊಂಡು ಹೋದರು.

ಹಾಗಾಗಿ ಹೊರಗೆ ಕರೆಸಿ. ಕನಿಷ್ಠ ಅರ್ಧ ಗಂಟೆ ಕೊಡಿ, ಸಾಧ್ಯವಾದರೆ ಬೇರೆ ದಿನ ಇನ್ನೊಮ್ಮೆ ಹೋಗಿ. ನೆಲದ ಮೇಲೆ ಪಕ್ಕಕ್ಕೆ ತಿರುಗಿ ಕೂತು, ಅದೇ ಹತ್ತಿರ ಬರಲಿ ಅಂತ ಕಾಯಿರಿ. ಕೀಲಿಕೈ ಗೊಂಚಲು ಸ್ವಲ್ಪ ದೂರದಲ್ಲಿ ಬೀಳಿಸಿ ನೋಡಿ. ಬೆಚ್ಚುವುದು ಸಹಜ. ಆಮೇಲೆ ಎಷ್ಟು ಬೇಗ ಸುಧಾರಿಸಿಕೊಂಡು ಅದನ್ನು ಮೂಸಲು ಬರುತ್ತದೆ ಅನ್ನುವುದು ಮುಖ್ಯ. ಮನೆಯ ಎಲ್ಲರೂ ಬಂದು ನೋಡಬೇಕು. ಮನೆಯಲ್ಲಿ ಆಗಲೇ ನಾಯಿ ಇದ್ದರೆ ಎರಡನ್ನೂ ಎದುರುಬದುರು ನಿಲ್ಲಿಸಬೇಡಿ. ಎರಡಕ್ಕೂ ಸಂಬಂಧ ಇಲ್ಲದ ಜಾಗದಲ್ಲಿ, ಸ್ವಲ್ಪ ದೂರ ಬಿಟ್ಟು, ಒಂದೇ ದಿಕ್ಕಿಗೆ ನಡೆಸಿಕೊಂಡು ಹೋಗಿ.

ಅಲ್ಲಿ ದಿನಾ ಊಟ ಹಾಕುವವರನ್ನು, ಗೂಡು ತೊಳೆಯುವವರನ್ನು ಮಾತಾಡಿಸಿ. ಅವರಿಗೆ ಗೊತ್ತಿರುವಷ್ಟು ಆಫೀಸಿನ ಫೈಲಿನಲ್ಲಿ ಇರುವುದಿಲ್ಲ. ಯಾಕೆ ಬಂತು, ಹಿಂದೆ ಯಾರಾದರೂ ಕರೆದುಕೊಂಡು ಹೋಗಿ ವಾಪಸ್ ತಂದಿದ್ದಾರಾ, ಯಾರನ್ನಾದರೂ ಕಚ್ಚಿದೆಯಾ, ತಟ್ಟೆಯ ಹತ್ತಿರ ಹೋದರೆ ಗುರ್ರೆನ್ನುತ್ತದಾ, ಒಂದೇ ಬಿಟ್ಟರೆ ಅಳುತ್ತದಾ ಅಂತ ನೇರವಾಗಿ ಕೇಳಿ. ಲಸಿಕೆ, ಸಂತಾನಹರಣದ ಆಪರೇಷನ್, ಉಣ್ಣಿ ಹುಳು (ಟಿಕ್) ಕಚ್ಚಿ ಬರುವ ಜ್ವರದ ರಕ್ತಪರೀಕ್ಷೆ ಇವುಗಳ ಚೀಟಿ ನೋಡಿ. "ಲ್ಯಾಬ್ರಡಾರ್ ಮಿಕ್ಸ್" ಅಂತ ಬೋರ್ಡಿನಲ್ಲಿ ಬರೆದಿದ್ದರೆ ಅದು ಯಾರೋ ಕಣ್ಣಂದಾಜಿನಲ್ಲಿ ಬರೆದದ್ದು. ಅದನ್ನು ನಂಬಿ ಸ್ವಭಾವ ಊಹಿಸಬೇಡಿ.

ಹೆದರುವ ನಾಯಿಯನ್ನು ಕಂಡರೆ "ಪಾಪ, ಹೊಡೆಸಿಕೊಂಡಿರಬೇಕು" ಅನ್ನುತ್ತೇವೆ. ಇರಬಹುದು. ಆದರೆ ಎಷ್ಟೋ ಸಲ ಕಾರಣ ಬೇರೆ. ಆ ಮೊದಲ ಮೂರು ತಿಂಗಳಲ್ಲಿ ಅದು ಜನರನ್ನು, ಗಾಡಿಗಳನ್ನು, ಮೆಟ್ಟಿಲನ್ನು ಕಂಡೇ ಇರುವುದಿಲ್ಲ. ಅಂಥ ನಾಯಿಗೆ ಬೇಕಾದದ್ದು ಅನುಕಂಪಕ್ಕಿಂತ ತಾಳ್ಮೆಯ ತರಬೇತಿ. ಸುಧಾರಿಸುತ್ತದೆ, ಆದರೆ ತಿಂಗಳುಗಳು ಹಿಡಿಯುತ್ತದೆ. ಮೊದಲ ನಾಯಿಯಾಗಿ ಅಂಥದ್ದನ್ನು ತರಬೇಡಿ ಅಂತ ಹೇಳಲು ನನಗೆ ಸಂಕಟ ಆಗುತ್ತದೆ. ಆದರೂ ಹೇಳುತ್ತೇನೆ, ಯಾಕೆಂದರೆ ವಾಪಸ್ ಬಂದ ನಾಯಿ ಮೊದಲಿಗಿಂತ ಹೆಚ್ಚು ಕುಗ್ಗಿರುತ್ತದೆ.

ಎಲ್ಲ ಶೆಲ್ಟರ್‌ಗಳೂ ಒಳ್ಳೆಯವು ಅನ್ನುವ ಹಾಗಿಲ್ಲ. ಹೊಸದಾಗಿ ಬಂದ ನಾಯಿಯನ್ನು ಪ್ರತ್ಯೇಕ ಇಡದೆ ಎಲ್ಲದರ ಜೊತೆ ಬಿಡುವ ಕಡೆ ರೋಗ ಹರಡುತ್ತದೆ. "ಇವತ್ತೇ ಕರೆದುಕೊಂಡು ಹೋಗದಿದ್ದರೆ ನಾಳೆ ಇರಲ್ಲ" ಅಂತ ಒತ್ತಾಯ ಮಾಡುವ ಕಡೆ, ನಾಯಿಯ ಕೆಟ್ಟ ಗುಣ ಕೇಳಿದರೆ ಮಾತು ಮರೆಸುವ ಕಡೆ ಜಾಗ್ರತೆ. ಒಳ್ಳೆಯ ಕಡೆಯವರು ನಿಮ್ಮನ್ನು ತುಂಬಾ ಪ್ರಶ್ನೆ ಕೇಳುತ್ತಾರೆ, ಮನೆ ನೋಡಲು ಬರುತ್ತಾರೆ, ಕೆಲವೊಮ್ಮೆ ಈ ನಾಯಿ ನಿಮಗೆ ಸರಿಹೋಗಲ್ಲ ಅಂತಲೂ ಹೇಳುತ್ತಾರೆ. ಸಿಟ್ಟು ಮಾಡಿಕೊಳ್ಳಬೇಡಿ. ಒಳ್ಳೆಯ ಬ್ರೀಡರ್ ಕೇಳುವ ಪ್ರಶ್ನೆಗಳೂ ಇವೇ ಅಲ್ವಾ?

ಶೆಲ್ಟರ್‌ನಿಂದಲೋ ಬೀದಿಯಿಂದಲೋ ಮರಿ ತರುವುದಾದರೆ ಪಾರ್ವೊ ಬಗ್ಗೆ ಗೊತ್ತಿರಲಿ. 1978ರ ಹೊತ್ತಿಗೆ ಜಗತ್ತಿಗೆ ಕಾಣಿಸಿಕೊಂಡ ಈ ವೈರಸ್ ಮರಿಗಳ ಕರುಳನ್ನು ಹಿಡಿಯುತ್ತದೆ. ವಾಂತಿ, ರಕ್ತಭೇದಿ ಆಗಿ ಎರಡು-ಮೂರು ದಿನದಲ್ಲೇ ಪ್ರಾಣ ಹೋಗಬಹುದು. ಸೋಂಕು ತಗುಲಿದ ಮೇಲೆ ಲಕ್ಷಣ ಕಾಣಲು ಸಾಮಾನ್ಯವಾಗಿ 3ರಿಂದ 7 ದಿನ ಬೇಕು. ಹಾಗಾಗಿ ತಂದ ದಿನ ಚೆನ್ನಾಗಿ ಆಡುತ್ತಿದ್ದ ಮರಿ ಆ ವಾರದಲ್ಲೇ ಮಲಗಿಬಿಡಬಹುದು. ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ನಿಮ್ಮ ಮನೆಯಲ್ಲಿ ಈಚೆಗೆ ಒಂದು ಮರಿ ಇದರಿಂದ ಸತ್ತಿದ್ದರೆ ಲಸಿಕೆ ಪೂರ್ತಿಯಾಗದ ಇನ್ನೊಂದು ಮರಿ ತರಬೇಡಿ. ಬೆಳೆದ, ಲಸಿಕೆ ಆದ ನಾಯಿ ತನ್ನಿ.

ದುಡ್ಡಿನ ಮಾತು

ಇದನ್ನು ಬೇಗ ಮುಗಿಸುತ್ತೇನೆ. ತರುವಾಗಿನ ಖರ್ಚು ದತ್ತಿನಲ್ಲಿ ಕಡಿಮೆ. ಸಾಮಾನ್ಯವಾಗಿ ಲಸಿಕೆ, ಆಪರೇಷನ್ ಅದರಲ್ಲೇ ಸೇರಿರುತ್ತದೆ. ಆದರೆ ಹತ್ತು-ಹನ್ನೆರಡು ವರ್ಷದ ಊಟ, ಔಷಧಿ, ಡಾಕ್ಟರ ಫೀಸು, ಊರಿಗೆ ಹೋದಾಗ ಬಿಟ್ಟುಹೋಗುವ ಖರ್ಚಿನ ಮುಂದೆ ಆ ವ್ಯತ್ಯಾಸ ಚಿಕ್ಕದು. ದುಡ್ಡು ಉಳಿಯುತ್ತದೆ ಅಂತ ದತ್ತು ತರುವುದೂ, ದುಬಾರಿ ಇದ್ದರೆ ಆರೋಗ್ಯ ಚೆನ್ನಾಗಿರುತ್ತದೆ ಅಂತ ಕೊಳ್ಳುವುದೂ ಎರಡೂ ತಪ್ಪು ಲೆಕ್ಕ.

ಹಾಗಾದರೆ ಯಾರಿಗೆ ಯಾವುದು

ಮನೆಗೊಂದು ಜೊತೆ ಬೇಕು, ಇಂಥದ್ದೇ ತಳಿ ಅಂತ ಹಟ ಇಲ್ಲ ಅನ್ನುವವರಿಗೆ ನನ್ನ ಸಲಹೆ ಒಂದೇ: ಎರಡು ವರ್ಷ ದಾಟಿದ, ಸ್ವಭಾವ ಗೊತ್ತಿರುವ ನಾಯಿಯನ್ನು ದತ್ತು ತನ್ನಿ. ಕರುಣೆಗಾಗಿ ಹೇಳುತ್ತಿಲ್ಲ, ನಿಮಗೇ ಅದು ಲಾಭದ ಆಯ್ಕೆ ಅಷ್ಟೇ. ಮುಂದೆ ಏನು ಕಾದಿದೆಯೋ ಅನ್ನುವ ಅನುಮಾನ ಎಲ್ಲಕ್ಕಿಂತ ಕಡಿಮೆ ಇರುವುದು ಇದರಲ್ಲೇ. ಮಕ್ಕಳಿರುವ ಮನೆಗೂ ಇದೇ ಮಾತು. ಮಕ್ಕಳ ಜೊತೆ ಬದುಕಿ ಗೊತ್ತಿರುವ ನಾಯಿ, ಮಕ್ಕಳ ಕಾಲು ಕಚ್ಚುವ ಮರಿಗಿಂತ ಎಷ್ಟೋ ವಾಸಿ.

ಮಂದೆ ಕಾಯಬೇಕು, ದೃಷ್ಟಿ ಇಲ್ಲದವರಿಗೆ ದಾರಿ ತೋರಿಸಬೇಕು, ಕ್ರೀಡೆಗೆ ಬೇಕು ಅನ್ನುವಂಥ ನಿಜವಾದ ಕೆಲಸ ಇದ್ದರೆ ಕೊಳ್ಳುವುದರಲ್ಲಿ ಅರ್ಥ ಇದೆ. ಒಂದು ತಳಿಯ ಜೊತೆ ವರ್ಷಗಟ್ಟಲೆ ಬದುಕಿ, ಅದರ ಕಷ್ಟ-ಸುಖ ಗೊತ್ತಿದ್ದು ಮತ್ತೆ ಅದೇ ಬೇಕು ಅನ್ನುವವರಿಗೂ ಸರಿ. ಅವರು ಕಾಯಲಿ, ತಾಯಿಯನ್ನು ನೋಡಲಿ, ಪರೀಕ್ಷೆಯ ಚೀಟಿ ಕೇಳಲಿ. ಹಾಗೆ ಕೊಂಡವರನ್ನು ಯಾರೂ ಹೀಯಾಳಿಸಬಾರದು. ಒಳ್ಳೆಯ ಬ್ರೀಡರ್‌ಗಳ ಮರಿಗಳು ಶೆಲ್ಟರ್ ತುಂಬುವುದಿಲ್ಲ, ಅವು ಅವರ ಮನೆಗೇ ವಾಪಸ್ ಹೋಗುತ್ತವೆ.

ಎರಡರ ನಡುವೆಯೂ ದಾರಿ ಇದೆ. ಒಂದೇ ತಳಿಯ ನಾಯಿಗಳನ್ನು ಕಾಪಾಡಿ ಮನೆ ಹುಡುಕುವ ಗುಂಪುಗಳಿವೆ. ಅಲ್ಲಿ ನಿಮಗೆ ಬೇಕಾದ ತಳಿಯೇ ದತ್ತಿಗೆ ಸಿಗಬಹುದು. ಓಟದಿಂದ ನಿವೃತ್ತಿಯಾದ ಗ್ರೇಹೌಂಡ್‌ಗಳು ದಿನದ ಹೆಚ್ಚು ಹೊತ್ತು ಮಲಗಿಯೇ ಕಳೆಯುವ ಸಾಧು ನಾಯಿಗಳು. ಮಾರ್ಗದರ್ಶಿ ನಾಯಿಯ ತರಬೇತಿಯಲ್ಲಿ ಪಾಸಾಗದ ನಾಯಿಗಳೂ ಮನೆ ಹುಡುಕುತ್ತಿರುತ್ತವೆ. ಇನ್ನೂ ಅನುಮಾನ ಇದ್ದರೆ ಮೊದಲು ಫಾಸ್ಟರ್ ಮಾಡಿ. ಕೆಲವು ವಾರ ನಾಯಿ ನಿಮ್ಮ ಮನೆಯಲ್ಲಿರುತ್ತದೆ, ಹೊಣೆ ಶೆಲ್ಟರ್‌ದೇ ಇರುತ್ತದೆ. ನಾಯಿ ಸಾಕುವುದು ಅಂದರೆ ಬೆಳಿಗ್ಗೆ ಮಳೆಯಲ್ಲೂ ಹೊರಗೆ ಹೋಗುವುದು ಅಂತ ಅಷ್ಟರಲ್ಲಿ ಗೊತ್ತಾಗುತ್ತದೆ. ಫಾಸ್ಟರ್ ಮಾಡಿದ ನಾಯಿಗೆ ಬೇರೆ ಮನೆ ಸಿಕ್ಕರೆ ಅದೂ ಒಳ್ಳೆಯದೇ.

ಮನೆಗೆ ಬಂದ ಮೇಲೆ

ದತ್ತು ತಂದವರು ಹೇಳಿಕೊಳ್ಳುವ ಒಂದು ಅಂದಾಜು ಲೆಕ್ಕ ಇದೆ: ಮೂರು ದಿನ ಗಾಬರಿ, ಮೂರು ವಾರಕ್ಕೆ ದಿನಚರಿ, ಮೂರು ತಿಂಗಳಿಗೆ ಮನೆ. ಕೊಂಡು ತಂದ ನಾಯಿಗೂ ಇದು ಹೊಂದುತ್ತದೆ. ಮೊದಲ ದಿನಗಳಲ್ಲಿ ನೆಂಟರನ್ನು ಕರೆಯಬೇಡಿ, ಸ್ನಾನ ಮಾಡಿಸಬೇಡಿ, ಮೂಲೆಯಲ್ಲಿ ಮಲಗಿದರೆ ಎಳೆಯಬೇಡಿ. ಹಳೆಯ ಕಡೆ ತಿನ್ನುತ್ತಿದ್ದ ಊಟವನ್ನೇ ಒಂದು ವಾರ ಮುಂದುವರಿಸಿ, ಆಮೇಲೆ ನಿಧಾನಕ್ಕೆ ಬದಲಾಯಿಸಿ. ಇಲ್ಲದಿದ್ದರೆ ಹೊಟ್ಟೆ ಕೆಡುತ್ತದೆ. ಬಾಗಿಲು, ಗೇಟು ತೆಗೆಯುವಾಗ ಹಗ್ಗ ಕೈಯಲ್ಲಿರಲಿ. ಹೊಸ ನಾಯಿ ಕಳೆದುಹೋಗುವುದು ಹೆಚ್ಚಾಗಿ ಈ ದಿನಗಳಲ್ಲೇ, ಓಡಿದರೆ ವಾಪಸ್ ಬರಲು ಅದಕ್ಕೆ ಇದಿನ್ನೂ ಮನೆ ಅಂತ ಗೊತ್ತಿರುವುದಿಲ್ಲ.

ಎರಡು-ಮೂರು ದಿನದೊಳಗೆ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗಿ, ತಂದ ಕಡೆ ಕೊಟ್ಟ ಚೀಟಿಗಳೆಲ್ಲ ಜೊತೆಗಿರಲಿ. ಮೈಕ್ರೋಚಿಪ್ (ಚರ್ಮದ ಕೆಳಗೆ ಕೂರಿಸುವ ಗುರುತಿನ ಚಿಪ್) ಹಾಕಿದ್ದಾರೆ ಅಂದರೆ ಅಲ್ಲೇ ಸ್ಕ್ಯಾನ್ ಮಾಡಿಸಿ, ಚೀಟಿಯಲ್ಲಿರುವ 15 ಅಂಕಿಯ ಜೊತೆ ತಾಳೆ ನೋಡಿ. ಆ ನಂಬರಿನ ಎದುರು ಇನ್ನೂ ಹಳೆಯವರ ಹೆಸರು, ಫೋನ್ ನಂಬರ್ ಇರುತ್ತದೆ. ಅವತ್ತೇ ನಿಮ್ಮದಕ್ಕೆ ಬದಲಾಯಿಸಿಕೊಳ್ಳಿ.